ಬಾಲ ಒಡೆಯದ ಸಸಿ

ನಮ್ಮ ಯಜಮಾನರು ಒಂದೇ ನರ್ಸರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದರು. ಇಪ್ಪತ್ತೆರಡು ವರ್ಷ ಬೀಜ ತಂದರು, ಹನ್ನೆರಡು ವರ್ಷ ನೀರು ಹಾಕಿದರು. ಬೀಜದಿಂದ ನೀರಿಗೆ ಅವರನ್ನು ಇಳಿಸಿದ್ದು ನಾನು ಆಡಿದ ಒಂದು ಮಾತು. ಅವರ ವಿಷಯ ಬರೆಯಲು ಕೂತ ಮೇಲೆ ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಬೀಜ ತರುವುದೆಂದರೆ ಕೆಳಗೆ ಬಿದ್ದದ್ದನ್ನು ಆರಿಸಿಕೊಂಡು ಬರುವುದಲ್ಲ. ಊರಿನ ಯಾವ ಕಾಂಪೌಂಡಿನಲ್ಲಿ, ಯಾವ ಹಳೇ ಗೋದಾಮಿನ ಹಿಂದೆ ಯಾವ ಮರವಿದೆ, ಅದರ ಗೊನೆ ಯಾವ ವಾರ ಹಣ್ಣಾಗುತ್ತದೆ, ಇದೆಲ್ಲ ಅವರ ತಲೆಯಲ್ಲಿತ್ತು. ಹೆಗಲ ಮೇಲೆ ಬಿದಿರಿನ ಏಣಿ ಹೊತ್ತುಕೊಂಡು ಬೆಳಿಗ್ಗೆ ಹೊರಟರೆ ಹನ್ನೊಂದು ಗಂಟೆಗೆ ವಾಪಸು. ಅದಕ್ಕೇ ಎಲ್ಲರೂ ಅವರನ್ನು ಏಣಿ ಎಂದೇ ಕರೆಯುತ್ತಿದ್ದರು. ತಂದ ಬೀಜವನ್ನು ಬಕೆಟ್ಟಿನ ನೀರಿಗೆ ಹಾಕಿ ತೇಲಿದ್ದನ್ನು ತೆಗೆಯುವರು. ಉಳಿದದ್ದರಲ್ಲಿ ಹತ್ತಕ್ಕೊಂದನ್ನು ಬ್ಲೇಡಿನಿಂದ ಸೀಳಿ ಒಳಗೆ ಬೆಳ್ಳಗಿದೆಯೇ ನೋಡುವರು. ಒಂದು ಮರದ ಬೀಜಕ್ಕೆ ಒಂದು ಚೀಲ. ಓದು ಬರಹ ಅವರಿಗೆ ನನಗಿಂತ ಕಡಿಮೆ, ಹಾಗಾಗಿ ಚೀಲದ ಬಾಯಿಗೆ ಚೀಟಿ ಕಟ್ಟುವ ಬದಲು ಗಂಟು ಹಾಕುತ್ತಿದ್ದರು. ಒಂದು ಗಂಟಿನ ಚೀಲ ಒಂದು ಮರದ್ದು, ಎರಡು ಗಂಟಿನದು ಇನ್ನೊಂದು ಮರದ್ದು. ಒಂದು ಚೀಲದಿಂದ ಕೈ ತೆಗೆದರೆ ಆ ಕೈ ತೊಳೆಯದೆ ಇನ್ನೊಂದು ಚೀಲ ಮುಟ್ಟುತ್ತಿರಲಿಲ್ಲ. ನಾನು ನಗುತ್ತಿದ್ದೆ.

"ಬೀಜಕ್ಕೇನು ಮೈಲಿಗೆ ಆಗುತ್ತೇನ್ರೀ?"

"ಒಂದು ಬೀಜ ಬೆರಳ ಸಂದೀಲಿ ಕೂತ್ಕೊಂಡ್ರೆ ಆಯ್ತಲ್ಲೇ. ಆಮೇಲೆ ನಿನ್ನ ಕೈಲಿ ಬೈಸ್ಕೊಳ್ಳೋನು ಯಾರು?"

ನನ್ನ ಕೆಲಸ ಸಸಿ ಆರಿಸುವುದು. ಹಸಿರು ಬಲೆ ಹೊದಿಸಿದ ಶೆಡ್ಡಿನಲ್ಲಿ ತಗಡು ಬಡಿದ ಉದ್ದನೆಯ ಮೇಜು, ಅದರ ಮೇಲೆ ನೂರು ಗುಳಿಗಳ ಟ್ರೇಗಳು. ಬೋರಲು ಹಾಕಿದ ಡಬ್ಬದ ಮೇಲೆ ಕೂತು ಒಂದೊಂದೇ ಟ್ರೇ ಎಳೆದುಕೊಂಡು ಸೊರಗಿದ್ದು, ವಕ್ರವಾದದ್ದು, ಬೇರೆ ಜಾತಿಯದ್ದು ಎಲ್ಲವನ್ನೂ ಚಿವುಟಿ ಕೆಳಗಿನ ಬಾನಿಗೆ ಹಾಕಬೇಕು. ನಮ್ಮಲ್ಲಿ ಬೆಳೆಸುವ ತಾಳೆ ಗಿಡಗಳಲ್ಲಿ ಬೇರೆ ಜಾತಿ ಗೊತ್ತಾಗುವುದು ಮೊದಲ ಎಲೆಯಿಂದ. ಗರಿ ಗರಿಯಾಗಿ ಬೆಳೆಯುವ ತಾಳೆಯ ಮೊದಲ ಎಲೆ ಮೀನಿನ ಬಾಲದ ಹಾಗೆ ತುದಿಯಲ್ಲಿ ಎರಡಾಗಿ ಒಡೆದಿರುತ್ತದೆ. ಬೀಸಣಿಗೆಯ ಹಾಗೆ ಬೆಳೆಯುವ ತಾಳೆಯ ಮೊದಲ ಎಲೆ ಒಡೆಯದೆ ಒಂದೇ ಆಗಿರುತ್ತದೆ. ಗರಿ ತಾಳೆಯ ಟ್ರೇಯಲ್ಲಿ ಬಾಲ ಒಡೆಯದ ಸಸಿ ಬಂತೆಂದರೆ ಬೀಸಣಿಗೆ ತಾಳೆಯ ಬೀಜ ಬೆರೆತಿದೆ ಎಂದು ಲೆಕ್ಕ. ಇದು ನನಗೆ ಈ ಕೆಲಸ ಕಲಿಸಿದ ಹೆಂಗಸು ಹೇಳಿಕೊಟ್ಟದ್ದು, ಅವಳಿಗೆ ಅವಳ ಅತ್ತೆ ಹೇಳಿಕೊಟ್ಟದ್ದು. ಒಂದು ದಿನವೂ ಅದು ಸುಳ್ಳಾದದ್ದು ನಾವು ಕಾಣೆವು.

ಅವರು ಬೀಜದ ಕೆಲಸಕ್ಕೆ ಸೇರಿದ ಹತ್ತನೆಯ ವರ್ಷ ಒಂದು ಹೊಸ ಮರ ಸಿಕ್ಕಿತು. ಗರಿ ತಾಳೆ. ಗೊನೆ ಎಂದರೆ ಗೊನೆ, ಇಪ್ಪತ್ತು ಟ್ರೇ ತುಂಬುವಷ್ಟು ಬೀಜ. ಕುಣಿದುಕೊಂಡೇ ಬಂದರು. ಅದಕ್ಕೆ ಎರಡು ಗಂಟಿನ ಚೀಲ. ಮೂರು ತಿಂಗಳಿಗೆ ಮೊಳೆತ ಮೇಲೆ ನೋಡುತ್ತೇನೆ, ಟ್ರೇಗೆ ಐದೈದು ಬಾಲ ಒಡೆಯದ ಸಸಿ.

"ರೀ, ಇಲ್ಲಿ ಬನ್ನಿ. ಬೀಸಣಿಗೆ ಬೀಜ ಸೇರ್ಕೊಂಡಿದೆ."

ಬಂದು ಮೂಗಿನ ಹತ್ತಿರ ಹಿಡಿದು ನೋಡಿದರು. "ಇದು ಆ ಮರದ್ದೇ ಕಣೇ. ಎರಡು ಗಂಟಿನ ಚೀಲಕ್ಕೆ ನಾನು ಬೇರೆ ಒಂದು ಕಾಳೂ ಹಾಕಿಲ್ಲ."

"ಹಾಗಾದ್ರೆ ಇವು ಹಾರಿ ಬಂದ್ವಾ? ರೆಕ್ಕೆ ಇತ್ತಾ?"

"ನಾಳೆ ನನ್ನ ಜೊತೆ ಬಾ, ಮರ ತೋರಿಸ್ತೀನಿ. ಮುಂದಿನ ಗೊನೆಗೆ ನೀನೇ ಕೆಳಗೆ ಸೆರಗು ಹಿಡಿ, ನಾನು ಮೇಲಿಂದ ಉದುರಿಸ್ತೀನಿ. ಆಗ ನಂಬ್ತೀಯಲ್ಲ."

"ನನಗೆ ಇಲ್ಲಿ ನಾನೂರು ಟ್ರೇ ಇದೆ. ನಿಮ್ಮ ಹಿಂದೆ ಮರ ನೋಡ್ಕೊಂಡು ತಿರುಗಿದ್ರೆ ಇವನ್ನ ನಿಮ್ಮಜ್ಜಿ ಬಂದು ನೋಡ್ತಾಳಾ?"

ಸುತ್ತ ಕೂತಿದ್ದವರು ನಕ್ಕರು. ಅವರೂ ನಕ್ಕರು. ನಾನು ಐದನ್ನೂ ಚಿವುಟಿ ಬಾನಿಗೆ ಹಾಕಿದೆ.

ಪ್ರತಿ ವರ್ಷವೂ ಇದೇ ಆಯಿತು. ನೂರಕ್ಕೆ ಐದು, ಒಮ್ಮೊಮ್ಮೆ ಆರು, ಒಂದು ವರ್ಷ ಮಾತ್ರ ಏಳು. ಪ್ರತಿ ವರ್ಷವೂ ಅವರು ಬಾ ಎಂದು ಕರೆದರು, ನಾನು ಹೋಗಲಿಲ್ಲ. ಊಟಕ್ಕೆ ಕೂತಾಗ ನಮ್ಮ ಮಗಳು, ಆಗ ಅವಳಿಗೆ ಎಂಟೋ ಒಂಬತ್ತೋ, ಅಪ್ಪನನ್ನು ಕೆಣಕುತ್ತಿದ್ದಳು.

"ಅಪ್ಪಾ, ಇವತ್ತು ಅಮ್ಮ ನಿಮ್ಮ ಮಕ್ಕಳನ್ನ ಎಷ್ಟು ಜನ ಹೊರಗೆ ಹಾಕಿದ್ಲು?"

"ಐದು ಜನಾನ ಪುಟ್ಟಿ. ನಿನ್ನಮ್ಮನ ಕಣ್ಣು ಪೊಲೀಸರ ಕಣ್ಣು. ನಿನ್ನನ್ನ ಒಳಗೆ ಬಿಟ್ಟಿದ್ದೇ ನನಗೆ ಆಶ್ಚರ್ಯ."

ನನಗೆ ಒಳಗೊಳಗೇ ಹೆಮ್ಮೆ. ನನ್ನ ಗಂಡನ ಬೀಜವೆಂದು ನಾನು ಕಣ್ಣು ಮುಚ್ಚಿಕೊಂಡಿಲ್ಲವಲ್ಲ ಎಂದು.

ಹತ್ತನೆಯ ಸಲವೋ ಏನೋ, ನಾನು ಚಿವುಟುವ ಮೊದಲೇ ಒಂದು ಸಸಿಯನ್ನು ಬೇರು ಸಮೇತ ಎಬ್ಬಿಸಿಕೊಂಡು ಹೋದರು. ಪಂಪಿನ ಮನೆಯ ಹಿಂದೆ ತಳ ತೂತಾದ ಒಂದು ತಗಡಿನ ಡ್ರಮ್ಮಿತ್ತು, ಅದಕ್ಕೆ ಮಣ್ಣು ತುಂಬಿ ನೆಟ್ಟರು. ನಾನು ಅಲ್ಲಿಗೆ ಪಾತ್ರೆ ತೊಳೆಯಲು ಹೋದಾಗ ಕಂಡಿತು.

"ಕಸ ಸಾಕ್ತಿದ್ದೀರಾ?"

"ಮನೆಯಿಂದ ಓಡಿಸಿದೋರಿಗೂ ಒಂದು ಜಾಗ ಬೇಕಲ್ಲಮ್ಮಾ" ಎಂದರು. ನಾನು ಅದರ ಕಡೆ ಮತ್ತೆ ನೋಡಲಿಲ್ಲ.

ಆ ಮರ ಸಿಕ್ಕಿದ ಹದಿಮೂರನೆಯ ವರ್ಷ ಕೆಟ್ಟಿತು. ಅದಕ್ಕೆ ಎರಡು ವರ್ಷದ ಹಿಂದೆ ನನಗೆ ಕಾಮಾಲೆಯಾಗಿ ಮೂರು ವಾರ ಮಲಗಿದ್ದೆ. ಆ ಮೂರು ವಾರ ಎರಡು ಗಂಟಿನ ಚೀಲದ ನಾಲ್ಕು ಟ್ರೇಗಳನ್ನು ಬೇರೆಯವರು ಆರಿಸಿದ್ದರು. ಒಂದು ವರ್ಷದ ಸಸಿಯಲ್ಲಿ ಗರಿ ಇನ್ನೂ ಬಿಟ್ಟಿರುವುದಿಲ್ಲ, ಅಭ್ಯಾಸವಿಲ್ಲದ ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗೇ ಅವು ಒಂದು ದೊಡ್ಡ ಕಟ್ಟಡದ ದಾರಿಯ ಎರಡೂ ಪಕ್ಕಕ್ಕೆಂದು ಮಾರಾಟವಾದವು, ನಾನೂರು ಗಿಡ. ಇನ್ನೊಂದು ವರ್ಷ ಕಳೆದ ಮೇಲೆ ಆ ಕಟ್ಟಡದ ಮೇಸ್ತ್ರಿ ಗಾಡಿಯಲ್ಲಿ ಮೂರು ಗಿಡ ತಂದು ಆಫೀಸಿನ ಮುಂದೆ ಧೊಪ್ಪೆಂದು ಇಳಿಸಿದ. ಎಲ್ಲ ಗಿಡಕ್ಕೂ ಗರಿ ಬಂದಿದೆ, ಇಪ್ಪತ್ತಕ್ಕೆ ಮಾತ್ರ ಇಡೀ ಎಲೆ, ದೋಣಿಯ ಹುಟ್ಟಿನ ಹಾಗೆ. ಸಾಲು ಕೆಟ್ಟಿತು, ನಮ್ಮ ಮಾನ ಹೋಯಿತು ಎಂದು ಕೂಗಾಡಿದ.

ಮಾಲೀಕರು ಒಳ್ಳೆಯವರೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಕೆಲಸದವರನ್ನೆಲ್ಲ ಆರಿಸುವ ಶೆಡ್ಡಿಗೆ ಕರೆಸಿದರು. "ಏನಯ್ಯಾ ಇದು?"

ಇವರು ಹೇಳಿದರು, "ಅದೇ ಮರದ್ದು ಸಾರ್. ಆ ಮರದ ಬೀಜದಲ್ಲಿ ಕೆಲವು ಹೀಗೇ ಬರುತ್ತೆ."

"ಕೋಳಿ ಮೊಟ್ಟೇಲಿ ಬಾತು ಬರುತ್ತೇನಯ್ಯಾ?"

ಎಲ್ಲರೂ ನಕ್ಕರು. ಇವರು ಮತ್ತೆ ಅದನ್ನೇ ಹೇಳಿದರು, "ಒಂದೇ ಮರದ್ದು ಸಾರ್. ಬೆರೆಸಿಲ್ಲ."

"ಸರಿ, ನಿನ್ನ ಹೆಂಡ್ತೀನೇ ಕೇಳೋಣ. ಅವಳ ಕಣ್ಣು ತಪ್ಪೋದಿಲ್ಲ ಅಂತ ಈ ನರ್ಸರಿಗೇ ಗೊತ್ತು. ಹೇಳಮ್ಮಾ, ಬೆರಕೆ ಹೌದೋ ಅಲ್ವೋ?"

ಗೊತ್ತಿಲ್ಲ ಎನ್ನಬಹುದಿತ್ತು. ಆ ಮಾತು ನನಗೆ ಹೊಳೆಯಲೇ ಇಲ್ಲ. ಎಲ್ಲರೆದುರು ಮಾಲೀಕರು ನನ್ನ ಕಣ್ಣನ್ನು ಹೊಗಳಿದ್ದರು, ಅದೇ ಕಿವಿಯಲ್ಲಿತ್ತು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೆದರಿ ಅಲ್ಲ. ಸಸಿ ತೋರಿಸಲು ಕರೆದಾಗ ನೋಡುವ ಹಾಗೆ, ಇವಳಿಗೆ ಏನು ಕಾಣುತ್ತದೋ ನೋಡೋಣ ಎನ್ನುವ ಹಾಗೆ.

"ಬೆರಕೆ" ಎಂದೆ.

ಅವತ್ತೇ ಏಣಿಯನ್ನು ಇನ್ನೊಬ್ಬನ ಕೈಗೆ ಕೊಟ್ಟರು. ಇವರಿಗೆ ನೀರಿನ ಪೈಪು ಕೊಟ್ಟರು. ಕೆಲಸದಿಂದ ತೆಗೆಯಲಿಲ್ಲ, ಅದು ಮಾಲೀಕರ ದೊಡ್ಡತನವೆಂದು ಎಲ್ಲರೂ ಅಂದರು. ನಾನೂ ಅಂದೆ. ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ನಾನೇ ಬಾಯಿ ತೆರೆದೆ, "ನಾನು ಕಂಡದ್ದು ಹೇಳಿದೆ ಕಣ್ರೀ."

"ಕಂಡದ್ದು ಹೇಳ್ದೆ. ಅದರಲ್ಲಿ ತಪ್ಪೇನಿದೆ?" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಉಪ್ಪು ಮುಗಿದಿದೆ ಅಂದಿದ್ಯಲ್ಲ, ತಗೊಂಡೇ ಹೋಗೋಣ" ಎಂದರು.

ಆಮೇಲೆ ಅವರು ಕುಡಿಯಲಿಲ್ಲ, ಬೈಯಲಿಲ್ಲ, ಮಾತು ಬಿಡಲಿಲ್ಲ. ಬೀಜದ ಕೆಲಸ ಹೇಗೆ ಮಾಡುತ್ತಿದ್ದರೋ ನೀರಿನ ಕೆಲಸವನ್ನೂ ಹಾಗೇ ಮಾಡಿದರು. ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು, ಎಲೆಗೆ ಬಡಿಯದ ಹಾಗೆ, ಬುಡಕ್ಕೆ ಮಾತ್ರ. ಪೈಪು ಹೊತ್ತು ಹೊತ್ತು ಬಲಗಡೆಯ ಹೆಗಲು ಇಳಿಯಿತು. ಅಂಗಿ ಒಣಗಿಸಲು ಹಾಕುವಾಗ ಒಂದು ಭುಜ ಮಾತ್ರ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು. ಇನ್ನೊಂದು ವ್ಯತ್ಯಾಸ ಇತ್ತು, ಅದು ನನಗೆ ಬಹಳ ತಡವಾಗಿ ಗೊತ್ತಾಯಿತು. ಮೊದಲು ಇವರ ಜೊತೆ ಬೀದಿಯಲ್ಲಿ ನಡೆಯುವುದೇ ಕಷ್ಟ. ಪ್ರತಿ ಗೇಟಿನ ಮುಂದೆ ನಿಂತು ಮೇಲೆ ನೋಡುವರು, ಇದರ ಗೊನೆ ನೋಡು, ಅದರ ಸುಳಿ ನೋಡು ಎನ್ನುವರು. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ. ಈಗ ರಸ್ತೆ ನೋಡಿಕೊಂಡು ನಡೆಯುತ್ತಿದ್ದರು. ನಾವು ಬೇಗ ಮನೆ ಸೇರುತ್ತಿದ್ದೆವು.

ಹೊಸಬ ತಂದ ಬೀಜದಲ್ಲಿ ಬಾಲ ಒಡೆಯದ ಸಸಿ ಒಂದೂ ಬರಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದೂ ಇಲ್ಲ. ಎರಡು ಗಂಟಿನ ಮರ ಎಲ್ಲಿದೆ ಎಂದು ಅವನು ಇವರನ್ನು ಕೇಳಲಿಲ್ಲ, ಇವರೂ ಹೇಳಲಿಲ್ಲ. ನೋಡಿದಿರಾ, ಕೈ ಬದಲಾದ ಕೂಡಲೇ ಬೆರಕೆ ನಿಂತಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಒಂದು ಮುಳ್ಳು ಇತ್ತು. ಕೈ ತೊಳೆದು ಚೀಲ ಮುಟ್ಟುವ ಮನುಷ್ಯ ಬೆರೆಸಿದ್ದು ಹೇಗೆ? ಬೆರೆಸಿಲ್ಲ ಎಂದರೆ ನಾನು ಆಡಿದ್ದೇನು? ಆ ಮುಳ್ಳು ಹನ್ನೆರಡು ವರ್ಷ ಇತ್ತು.

ಅವರಿಗೆ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದೆವು. ಆರು ಮಂಚದ ಕೋಣೆ, ಕಿಟಕಿಯ ಪಕ್ಕದ ಮಂಚ. ನಾಲ್ಕನೆಯ ದಿನ ಮಧ್ಯಾಹ್ನ ನೋಡುವವರನ್ನು ಬಿಡುವ ಹೊತ್ತಿಗೆ ಹೋದೆ. ಮಗಳು ಔಷಧಿ ತರಲು ಕೆಳಗೆ ಇಳಿದಿದ್ದಳು. ನಾನು ಕಿತ್ತಳೆ ಸುಲಿಯುತ್ತಾ ಕೂತಿದ್ದೆ. ಕೇಳಬಾರದಿತ್ತು, ಕೇಳಿದೆ.

"ರೀ, ನಿಜ ಹೇಳಿಬಿಡಿ. ಬೆರೆಸಿದ್ರಾ, ಇಲ್ವಾ?"

"ಯಾವುದು?"

"ಎರಡು ಗಂಟಿನ ಚೀಲ."

ಅವರಿಗೆ ನಗು ಬಂತು, ನಗುವಿನಿಂದ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಬೆನ್ನು ಸವರಿದೆ. "ಇನ್ನೂ ಅದೇ ಕೇಸು ನಡೀತಿದೆಯಾ ನಿನ್ನದು?" ಎಂದರು. ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಹೂಂ ಕಣೇ. ಬೆರೆತಿತ್ತು. ದಾರೀಲಿ ಇನ್ನೊಂದು ಮರದ ಬೀಜ ಚೆನ್ನಾಗಿತ್ತು, ಚೀಲ ಇರಲಿಲ್ಲ, ಅದರಲ್ಲೇ ಹಾಕ್ಕೊಂಡೆ. ನೀನು ಹೇಳಿದ್ದೇ ಸರಿ."

"ಹದಿಮೂರು ವರ್ಷಾನೂ?"

"ಹದಿಮೂರು ವರ್ಷಾನೂ. ಸೋಮಾರಿ ನಾನು. ಹಣ್ಣು ಕೊಡ್ತೀಯೋ, ಎಲ್ಲಾ ನೀನೇ ತಿಂತೀಯೋ?"

ನನ್ನ ಮುಳ್ಳು ಹೋಯಿತು. ಹೇಳಲು ನಾಚಿಕೆಯಾಗುತ್ತದೆ, ಅವತ್ತು ಮನೆಗೆ ಹೋಗಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅದಾದ ಆರನೆಯ ದಿನ ಅವರು ತೀರಿಕೊಂಡರು. ಅಳುವಾಗಲೂ ನನ್ನ ಮನಸ್ಸಿನ ಒಂದು ಮೂಲೆ ಹಗುರವಾಗಿತ್ತು. ನಾನು ಅವರ ಮೇಲೆ ಸುಳ್ಳು ಹೇಳಿಲ್ಲ ಎಂದು.

ಮೂರು ವರ್ಷ ಆ ಹಗುರದಲ್ಲೇ ಇದ್ದೆ. ಕಣ್ಣಿಗೆ ಪೊರೆ ಬಂದು ಆರಿಸುವ ಮೇಜಿನಿಂದ ಎದ್ದು ಟ್ರೇ ತೊಳೆಯುವ ತೊಟ್ಟಿಯ ಹತ್ತಿರ ಕೂತಿದ್ದೆ. ಮಾಲೀಕರಿಗೂ ವಯಸ್ಸಾಗಿ ಸೊಸೆ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಕಾಲೇಜಿನಲ್ಲಿ ಗಿಡಗಳ ಪಾಠ ಮಾಡುವ ಮೇಷ್ಟ್ರೊಬ್ಬರು ಮನೆಗೆ ಎರಡು ಕುಂಡ ಕೊಳ್ಳಲು ಬಂದರು. ಶೌಚಾಲಯ ಎಲ್ಲಿದೆ ಎಂದು ನನ್ನನ್ನೇ ಕೇಳಿದರು. ಪಂಪಿನ ಮನೆ ದಾಟಿ ಎಡಕ್ಕೆ ಎಂದೆ. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಿದ್ದರೋ ಏನೋ ಎಂದು ನೋಡಲು ಹೋದರೆ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಡ್ರಮ್ಮು ಯಾವಾಗಲೋ ಒಡೆದು ಬೇರು ನೆಲಕ್ಕಿಳಿದಿತ್ತು. ಗಿಡ ಪಂಪಿನ ಮನೆಯ ಮಾಡಿಗಿಂತ ಎತ್ತರ. ಒಂದೊಂದು ಎಲೆಯೂ ಬಾಗಿಲಿನಷ್ಟು ಉದ್ದ, ಎಲ್ಲೂ ಸೀಳಿಲ್ಲ.

"ಅಮ್ಮಾ, ಇದು ಯಾವುದು?"

"ಬೀಸಣಿಗೆ ತಾಳೆ, ಮೇಷ್ಟ್ರೇ. ಸರಿಯಾಗಿ ಬಂದಿಲ್ಲ ಅಷ್ಟೆ."

"ನಾನೂ ಮೊದಲು ಹಾಗೇ ಅಂದ್ಕೊಂಡೆ. ಇಲ್ಲಿ ಬಗ್ಗಿ ನೋಡಿ."

ಎಲೆ ದಿಂಡಿಗೆ ಸೇರುವ ಜಾಗ ತೋರಿಸಿದರು. ಬೀಸಣಿಗೆ ತಾಳೆಯಲ್ಲಿ ಅಲ್ಲಿನ ಮಡಿಕೆ ದೋಣಿಯ ಹಾಗೆ ಮೇಲಕ್ಕೆ ಬಾಯಿ ತೆರೆದಿರುತ್ತದಂತೆ. ಗರಿ ತಾಳೆಯಲ್ಲಿ ಮನೆಯ ಮಾಡಿನ ಹಾಗೆ ಕೆಳಕ್ಕೆ. ಇದರದು ಮಾಡಿನ ಹಾಗಿತ್ತು. ಪೊರೆಯ ಕಣ್ಣಿಗೂ ಕಂಡಿತು. ಇಷ್ಟು ವರ್ಷ ನಾನು ತುದಿ ನೋಡಿದ್ದೆ, ಬುಡ ನೋಡಿರಲಿಲ್ಲ.

ಮೇಷ್ಟ್ರು ಆಮೇಲೆ ಮೂರು ಸಲ ಬಂದರು. ಅಳೆದರು, ಒಂದು ಎಲೆ ಕೇಳಿ ಒಯ್ದರು. ಆ ವರ್ಷ ಅದು ಮೊದಲ ಸಲ ಹೊಂಬಾಳೆ ಬಿಟ್ಟಿತು, ಹೂವನ್ನು ಭೂತಗನ್ನಡಿಯಲ್ಲಿ ನೋಡಿದರು. ನಮ್ಮ ಸಾಲಿನ ಗರಿ ತಾಳೆಯ ಹೂವಿನ ಪಕ್ಕದಲ್ಲಿಟ್ಟು ನನಗೂ ತೋರಿಸಿದರು. ಎರಡೂ ಒಂದೇ. ಇದು ಬೇರೆ ಜಾತಿಯಲ್ಲ, ನಿಮ್ಮ ಗರಿ ತಾಳೆಯದೇ ಒಂದು ಅಪರೂಪದ ಬಗೆ, ಎಲೆ ಸೀಳುವುದಿಲ್ಲ ಅಷ್ಟೆ, ತಾನು ಇದುವರೆಗೆ ಕಂಡಿಲ್ಲ ಎಂದರು. ಉದ್ದನೆಯ ಒಂದು ಹೆಸರೂ ಹೇಳಿದರು, ನನ್ನ ಬಾಯಲ್ಲಿ ಅದು ನಿಲ್ಲಲಿಲ್ಲ.

"ಆದರೆ ಒಂದು ಅನುಮಾನ ಉಳಿದಿದೆ" ಎಂದರು. "ಇದು ಒಂದೇ ಒಂದು ಗಿಡ ಆಕಸ್ಮಿಕವಾಗಿ ಹೀಗಾಯ್ತೋ, ಅಥವಾ ಇದರ ತಾಯಿ ಮರದಲ್ಲೇ ಈ ಗುಣ ಇತ್ತೋ ಗೊತ್ತಿಲ್ಲ. ಇಂಥದ್ದು ಬೇರೆ ಯಾವಾಗಲಾದರೂ ನೋಡಿದ್ದೀರಾಮ್ಮಾ?"

ನನ್ನ ಕೈ ತೊಟ್ಟಿಯ ನೀರಿನಲ್ಲೇ ಇತ್ತು. ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ಆಸ್ಪತ್ರೆಯಲ್ಲಿ ಹೇಳಿದ ಮಾತೇ ನಿಲ್ಲುತ್ತಿತ್ತು, ನಾನೂ ಹಾಗೇ ಇರುತ್ತಿದ್ದೆ. ಆದರೆ ಕೇಳಿದ್ದು ಸಸಿಯ ವಿಷಯ. ಸಸಿಯ ವಿಷಯದಲ್ಲಿ ನಾನು ಯಾವತ್ತೂ ಕಂಡದ್ದನ್ನು ಇಲ್ಲ ಎಂದಿಲ್ಲ.

"ನೂರಕ್ಕೆ ಐದು" ಎಂದೆ. "ಒಮ್ಮೊಮ್ಮೆ ಆರು. ಒಂದು ವರ್ಷ ಏಳು. ಹದಿಮೂರು ವರ್ಷ."

"ಪ್ರತಿ ವರ್ಷ?"

"ಒಂದು ವರ್ಷವೂ ತಪ್ಪಿಲ್ಲ."

"ಬೇರೆ ಮರಗಳ ಬೀಜದಲ್ಲಿ?"

"ಒಂದೂ ಇಲ್ಲ. ಆ ಚೀಲ ಬರೋದು ನಿಂತ ಮೇಲೂ ಒಂದೂ ಇಲ್ಲ."

"ಅವೆಲ್ಲ ಎಲ್ಲಿ ಈಗ?"

"ನಾನು ಚಿವುಟಿ ಹಾಕಿದೆ. ಬೆರಕೆ ಅಂತ." ವರ್ಷಕ್ಕೆ ಇಪ್ಪತ್ತು ಟ್ರೇ, ಟ್ರೇಗೆ ಐದು. ಸಾವಿರದ ಮುನ್ನೂರಕ್ಕೂ ಮೇಲೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಬೆರಕೆ ಅಲ್ಲಮ್ಮ. ಕೈ ತಪ್ಪಿ ಬಿದ್ದ ಬೀಜ ಒಂದು ವರ್ಷ ಬೀಳುತ್ತೆ, ಒಂದು ವರ್ಷ ಬೀಳಲ್ಲ. ವರ್ಷಾ ವರ್ಷಾ ಎಣಿಸಿ ಇಟ್ಟ ಹಾಗೆ ಐದೈದೇ ಬೀಳಲ್ಲ. ಒಂದು ಮನೇಲಿ ಎಲ್ಲೋ ಒಂದು ಮಗುಗೆ ಅಜ್ಜಿಗಿದ್ದ ಬೆಕ್ಕಿನ ಕಣ್ಣು ಬರುತ್ತಲ್ಲ, ಹಾಗೆ ಇದು. ಆ ಬೀಜ ತಂದವರು ಬಹಳ ಶುದ್ಧವಾಗಿ ತಂದಿದ್ದಾರೆ. ಅವರು ಇದ್ದಾರಾ? ಆ ಮರ ಎಲ್ಲಿದೆ ಅಂತ ಕೇಳಬೇಕಿತ್ತು."

ಅವರು ಇಲ್ಲ ಎಂದೆ. ಮರ ಎಲ್ಲಿದೆ ಗೊತ್ತಿಲ್ಲ ಎಂದೆ. ಹದಿಮೂರು ಸಲ ಕರೆದಿದ್ದರು ಎಂದು ಮಾತ್ರ ಹೇಳಲು ಬಾಯಿ ಬರಲಿಲ್ಲ.

ಬೆರೆಸಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಂಚದ ಮೇಲೆ ಉಸಿರು ಎಳೆದುಕೊಂಡು, ಸೋಮಾರಿ ನಾನು ಎಂದಾಗಲೂ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಕೈ ತೊಳೆದು ಬೀಜ ಮುಟ್ಟಿದವರು, ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ತಮ್ಮ ಕೈಯನ್ನೇ ಕೊಳೆ ಎಂದು ಒಪ್ಪಿಕೊಂಡರು. ನಾನು ಅದನ್ನು ಹಣ್ಣಿನ ಜೊತೆ ತೆಗೆದುಕೊಂಡು ಮನೆಗೆ ಹೋದೆ. ಈಗ ಅದನ್ನು ವಾಪಸು ಕೊಡಲು ಅವರಿಲ್ಲ.

ಮಾರನೆಯ ದಿನ ಕೆಲಸ ಶುರುವಾಗುವ ಮೊದಲೇ ಆರಿಸುವ ಶೆಡ್ಡಿಗೆ ಹೋಗಿ ನಿಂತೆ. ಅಲ್ಲಿ ಆಡಿದ ಮಾತು, ಅಲ್ಲೇ ತೆಗೆಯಬೇಕು ಎನಿಸಿತು. ಅಲ್ಲಿದ್ದವರೆಲ್ಲ ಹೊಸ ಹುಡುಗಿಯರು. "ನಾನೊಂದು ದಿನ ಇಲ್ಲಿ ಬೆರಕೆ ಅಂದಿದ್ದೆ, ಅದು ಬೆರಕೆ ಅಲ್ಲ. ಅವರ ಬೀಜ ಶುದ್ಧ ಇತ್ತು" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು, "ಯಾರದ್ದು ಅಜ್ಜಿ?" ಎಂದಳು. ನನ್ನ ಯಜಮಾನರದ್ದು ಎಂದೆ. "ಓಹ್" ಎಂದು ಎದ್ದು ಕೂರಲು ಡಬ್ಬ ಕೊಟ್ಟಳು. ಒಳ್ಳೆಯ ಹುಡುಗಿ.

ಆ ದಿನ ಇದ್ದವರಲ್ಲಿ ಉಳಿದಿರುವವರು ಮಾಲೀಕರು ಒಬ್ಬರೇ. ಸೊಸೆಯನ್ನು ಕೇಳಿಕೊಂಡು ಅವರ ಮನೆಗೆ ಹೋದೆ. ವರಾಂಡದಲ್ಲಿ ಆರಾಮ ಕುರ್ಚಿ, ಮೊಣಕಾಲಿನ ಮೇಲೆ ಶಾಲು. ಕಿವಿ ಮಂದ. ನಾನು ಯಾರೆಂದು ಹೇಳಿದೆ. ಗುರುತು ಹಿಡಿದರು. ಯಜಮಾನರ ವಿಷಯ ಒಂದು ಮಾತು ಹೇಳಬೇಕಿತ್ತು ಎಂದೆ.

"ಒಳ್ಳೇ ಮನುಷ್ಯ ಕಣಮ್ಮ" ಎಂದರು. "ಅವನ ಹಾಗೆ ನೀರು ಹಾಕೋನು ಇನ್ನೊಬ್ಬ ಸಿಗಲಿಲ್ಲ ನನಗೆ."

"ನೀರಲ್ಲ ಸಾರ್. ಬೀಜ. ಬೀಜ ತರ್ತಿದ್ರು."

"ಹಾಂ?"

"ಬೀಜ! ಬೀಜ ತರ್ತಿದ್ರು!"

"ಹೌದಾ?" ಎಂದರು. ನಗುತ್ತಾ ತಲೆ ಆಡಿಸಿದರು, ಗೊತ್ತಿಲ್ಲದವರ ವಿಷಯ ಕೇಳಿದಾಗ ಆಡಿಸುವ ಹಾಗೆ. "ಬೀಜಾನೂ ತರ್ತಿದ್ನಾ?"

ಬೆತ್ತದ ಸ್ಟೂಲು ಹತ್ತಿರ ಎಳೆದುಕೊಂಡು ಅವರ ಕಿವಿಯ ಪಕ್ಕ ಕೂತೆ. ಮೊದಲಿನಿಂದ ಹೇಳಿದೆ. ಚೀಲ ಹೇಳಿದೆ, ಗಂಟು ಹೇಳಿದೆ, ನೂರಕ್ಕೆ ಐದು ಹೇಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು, ಗಲ್ಲ ಎದೆಗೆ ತಾಗಿತ್ತು. ಮುಗಿಯುವವರೆಗೂ ಹೇಳಿ, ಶಾಲು ಸರಿ ಮಾಡಿ, ಎದ್ದು ಬಂದೆ.